ಪ್ರಶ್ನೋತ್ತರ: ಬಾಯಿಪಾಠ ಬಿಡಿಸುವ ಚರ್ಚಾಸ್ಪರ್ಧೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಚರ್ಚಾಸ್ಪರ್ಧೆಯ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮ ಪ್ರೌಢಶಾಲೆಯಲ್ಲಿ ಪ್ರತಿಭಾ ಕಾರಂಜಿ ಬಂದಾಗಷ್ಟೇ ಚರ್ಚೆ ನೆನಪಾಗುತ್ತದೆ. ನಾವು ಬರೆದುಕೊಟ್ಟದ್ದನ್ನು ಮಕ್ಕಳು ಉರು ಹೊಡೆದು ಒಪ್ಪಿಸುತ್ತಾರೆ. ನಿಜವಾದ ಚರ್ಚೆ ಕಲಿಸಲು ಎಲ್ಲಿಂದ ಶುರು ಮಾಡಬೇಕು? — ಶಿಕ್ಷಕಿ, ಸುರಪುರ

ಅಂಕಪಟ್ಟಿಯಿಂದ. ವಿಷಯ, ಭಾಷೆ, ಧ್ವನಿ, ಹಾವಭಾವ ಇಷ್ಟಕ್ಕೇ ಅಂಕ ಇಟ್ಟರೆ ಉರು ಹೊಡೆದ ಮಗುವೇ ಗೆಲ್ಲುತ್ತದೆ, ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ನೂರಕ್ಕೆ 30 ಅಂಕವನ್ನು ಎದುರಾಳಿಯ ಮಾತಿಗೆ ಕೊಟ್ಟ ಉತ್ತರಕ್ಕೇ ಮೀಸಲಿಡಿ. ಮೊದಲ ಭಾಷಣಕಾರರಿಗೆ ಉತ್ತರಿಸಲು ಏನೂ ಇರುವುದಿಲ್ಲವಾದ್ದರಿಂದ ಅವರ ಆ 30 ಅಂಕ ವಿಷಯವನ್ನು ಸ್ಪಷ್ಟವಾಗಿ ವ್ಯಾಖ್ಯಾನಿಸಿದ್ದಕ್ಕೆ ಹೋಗಲಿ. ಎರಡು ವಾರದಲ್ಲಿ ಬರೆದುಕೊಡುವ ಅಭ್ಯಾಸ ತಾನಾಗಿ ಬಿಡುತ್ತದೆ, ಏಕೆಂದರೆ ಬರೆದುಕೊಟ್ಟದ್ದು ಕೆಲಸಕ್ಕೆ ಬರುವುದಿಲ್ಲ.

ಪರ ಮೂವರು, ವಿರೋಧ ಮೂವರು. ಒಬ್ಬೊಬ್ಬರಿಗೆ 4 ನಿಮಿಷ, ಕೊನೆಗೆ ಎರಡೂ ಕಡೆಯಿಂದ 2 ನಿಮಿಷದ ಸಮಾರೋಪ. ಒಟ್ಟು 28 ನಿಮಿಷ. ಒಂದು ಪಿರಿಯಡ್‌ನಲ್ಲಿ ಚರ್ಚೆಯೂ ಮುಗಿಯುತ್ತದೆ, ನಿಮ್ಮ ಅಭಿಪ್ರಾಯಕ್ಕೂ ಹೊತ್ತು ಉಳಿಯುತ್ತದೆ. ವಿಷಯವನ್ನು ಅರ್ಧ ಗಂಟೆ ಮೊದಲು, ಊಟದ ಬಿಡುವಿನಲ್ಲಿ ಕೊಡಿ. ಪರವೋ ವಿರೋಧವೋ ಎಂಬುದು ನಾಣ್ಯ ಚಿಮ್ಮಿಯೇ ನಿರ್ಧಾರವಾಗಬೇಕು. ಸಮಾರೋಪವನ್ನು ಮೊದಲನೆಯ ಅಥವಾ ಎರಡನೆಯ ಭಾಷಣಕಾರರು ಮಾಡಲಿ, ವಿರೋಧ ಪಕ್ಷ ಮೊದಲು, ಪರ ಪಕ್ಷ ಕೊನೆಗೆ. ಮೂರನೆಯವರ ಕೆಲಸ ಹೆಚ್ಚಾಗಿ ಖಂಡನೆ. ಅವರು ಹೊಸ ವಾದ ತಂದರೆ ಎದುರಿನವರಿಗೆ ಉತ್ತರಿಸಲು ಸಾಕಷ್ಟು ಸರದಿ ಉಳಿಯುವುದಿಲ್ಲ, ಆದ್ದರಿಂದ ಅದಕ್ಕೆ ಅಂಕ ಕೊಡಬೇಡಿ.

ಮೊದಲ ತಿಂಗಳು ಇಡೀ ಚರ್ಚೆ ಬೇಡ, ಇಬ್ಬಿಬ್ಬರನ್ನು ನಿಲ್ಲಿಸಿ ಒಂದು ಅಭ್ಯಾಸ ಮಾಡಿಸಿದರೆ ಸಾಕು. ಒಬ್ಬಳು ಒಂದು ನಿಮಿಷ ಮಾತಾಡುತ್ತಾಳೆ. ಇನ್ನೊಬ್ಬ ಮೊದಲು ‘ನೀವು ಹೇಳಿದ್ದು ಇದು’ ಎಂದು ಒಂದೇ ವಾಕ್ಯದಲ್ಲಿ ಅದನ್ನು ತಿರುಗಿ ಹೇಳಬೇಕು. ಅವಳು ‘ಹೌದು’ ಅಂದರೆ ಮಾತ್ರ ಅವನಿಗೆ ಉತ್ತರಿಸುವ ಹಕ್ಕು. ಇಲ್ಲೇ ಹೆಚ್ಚಿನ ಮಕ್ಕಳು ಎಡವುತ್ತಾರೆ: ಎದುರಿನವರು ಮಾತಾಡುವಾಗ ತಮ್ಮ ಮುಂದಿನ ಸಾಲನ್ನು ಮನಸ್ಸಿನಲ್ಲೇ ಜಪಿಸುತ್ತಿರುತ್ತಾರೆ. ಟಿಪ್ಪಣಿಗೆ ದೊಡ್ಡ ಹಾಳೆಯನ್ನು ಆರು ಕಾಲಂ ಮಾಡಿಸಿ, ಒಬ್ಬ ಭಾಷಣಕಾರರಿಗೆ ಒಂದು. ಒಂದು ವಾದ ಯಾವ ಕಾಲಂನಲ್ಲಿ ಬಂತು, ಯಾವ ಕಾಲಂನಲ್ಲಿ ಅದಕ್ಕೆ ಉತ್ತರ ಸಿಕ್ಕಿತು ಎಂದು ಗೆರೆ ಎಳೆದರೆ ಉತ್ತರ ಸಿಗದೆ ಉಳಿದದ್ದು ತಕ್ಷಣ ಕಾಣುತ್ತದೆ.

ಇನ್ನೊಂದು ಮಾತು. ನಮ್ಮ ಭಾಗದಲ್ಲಿ ವಚನದಿಂದ ಶುರು ಮಾಡದ ಭಾಷಣವೇ ಅಪರೂಪ. ಬಸವಕಲ್ಯಾಣದ ನೆರಳಿನಲ್ಲಿ ಬೆಳೆದವರಿಗೆ ಅದು ಸಹಜ. ಆದರೆ ವಚನ, ವೇದಿಕೆಯ ಮೇಲಿನ ಗಣ್ಯರಿಗೆ ವಂದನೆ, ‘ನನಗೆ ಅವಕಾಶ ಮಾಡಿಕೊಟ್ಟ’ ಎಲ್ಲ ಸೇರಿ 40 ಸೆಕೆಂಡ್ ಹೋದರೆ 4 ನಿಮಿಷದ ಆರನೇ ಒಂದು ಭಾಗ ಕೈಬಿಟ್ಟಂತೆ. ವಚನ ವಾದಕ್ಕೆ ಬೇಕಾದಲ್ಲಿ ಬರಲಿ.

‘ಮೊಬೈಲ್ ವರವೋ ಶಾಪವೋ’, ‘ವಿಜ್ಞಾನ ವರವೋ ಶಾಪವೋ’ ಕೇಳಿ ಕೇಳಿ ಸಾಕಾಗಿದೆ. ಒಳ್ಳೆಯ ವಿಷಯ ಆರಿಸುವುದು ಹೇಗೆ? — ಪಿಯು ಉಪನ್ಯಾಸಕ, ಹುಮನಾಬಾದ್

ಅವು ಸೋಲುವುದಕ್ಕೆ ಕಾರಣ, ಯಾರು ಏನು ಮಾಡಬೇಕು ಎಂಬುದು ಅವುಗಳಲ್ಲಿ ಇಲ್ಲ. ಒಬ್ಬರು ಆನ್‌ಲೈನ್ ಪಾಠದ ಬಗ್ಗೆ, ಇನ್ನೊಬ್ಬರು ಸೆಲ್ಫಿ ಸಾವಿನ ಬಗ್ಗೆ ಮಾತಾಡಿ ಇಬ್ಬರೂ ಸರಿ ಎನಿಸಿಕೊಂಡು ಕೂರುತ್ತಾರೆ. ವಿಷಯದಲ್ಲಿ ಕ್ರಿಯಾಪದ ಇರಲಿ. ‘ಪ್ರೌಢಶಾಲೆಯ ಆವರಣದಲ್ಲಿ ಮೊಬೈಲ್ ನಿಷೇಧಿಸಬೇಕು’ ಎಂದು ತಿದ್ದಿದರೆ ಘರ್ಷಣೆ ಹುಟ್ಟುತ್ತದೆ.

ನಮ್ಮ ನೆಲದಲ್ಲೇ ವಿಷಯಗಳಿವೆ. ‘ತೊಗರಿ ಆಮದಿನ ಮೇಲೆ ಹೆಚ್ಚಿನ ಸುಂಕ ಹಾಕಬೇಕು’ ಎಂಬುದು ಕಲಬುರಗಿಯ ಹುಡುಗರಿಗೆ ಚಿನ್ನದಂಥ ವಿಷಯ: ಬೆಳೆಗಾರನ ಬೆಲೆಯೋ, ಕೊಳ್ಳುವ ಕುಟುಂಬದ ಬೆಲೆಯೋ? ‘371(ಜೆ) ಮೀಸಲಾತಿಯಲ್ಲಿ ಹಿಂದುಳಿದ ತಾಲೂಕುಗಳಿಗೆ ಒಳಕೋಟಾ ಬೇಕು’ ಎಂಬುದು ಪದವಿ ಮಟ್ಟಕ್ಕೆ ಹೊಂದುತ್ತದೆ. ಆ ವಿಧಿ ಬಂದದ್ದು 2012ರ 98ನೇ ಸಂವಿಧಾನ ತಿದ್ದುಪಡಿಯಿಂದ, ಶಿಕ್ಷಣ ಮತ್ತು ಉದ್ಯೋಗ ಎರಡರಲ್ಲೂ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲಾತಿಗೆ ಅವಕಾಶ ಕೊಡುತ್ತದೆ. ಇಷ್ಟನ್ನು ವಿಷಯದ ಕೆಳಗೆ ಎರಡು ಸಾಲಿನ ಟಿಪ್ಪಣಿಯಾಗಿ ಬರೆದೇ ಕೊಡಿ, ಇಲ್ಲದಿದ್ದರೆ ಅರ್ಧ ಚರ್ಚೆ ‘ಅದೇನು’ ಎಂಬುದರಲ್ಲೇ ಮುಗಿಯುತ್ತದೆ.

ಪರೀಕ್ಷೆ ಸರಳ. ಇಬ್ಬರು ಶಿಕ್ಷಕರು ಎರಡೂ ಪಕ್ಷಕ್ಕೆ ಐದೈದು ನಿಮಿಷದಲ್ಲಿ ಮೂರು ವಾದ ಹುಡುಕಿ. ಒಂದು ಕಡೆ ಎರಡಕ್ಕೇ ನಿಂತರೆ ವಿಷಯ ಕೈಬಿಡಿ. ಜಾತಿ, ಧರ್ಮದ ವಿಷಯಗಳನ್ನು ಪೂರ್ತಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಕೂತಿರುವ ಒಂದು ಮಗುವಿನ ಅಸ್ತಿತ್ವವನ್ನೇ ಪ್ರಶ್ನಿಸಬೇಕಾದ ಪಕ್ಷವನ್ನು ಯಾರಿಗೂ ಹಂಚಬೇಡಿ.

ಬೀದರ್‌ನಲ್ಲಿ ಒಂದು ದಿನದ ಅಂತರಕಾಲೇಜು ಸ್ಪರ್ಧೆ ನಡೆಸಬೇಕೆಂದಿದ್ದೇವೆ. ಪ್ರತಿ ಸಲ ಫಲಿತಾಂಶದ ಮೇಲೆ ಜಗಳ. ಏನು ಮಾಡೋಣ? — ವಿದ್ಯಾರ್ಥಿ ಸಂಘದ ಸದಸ್ಯರು

ಎಂಟು ತಂಡ, ನಾಲ್ಕು ಕೊಠಡಿ, ಮೂರು ಸುತ್ತು, ಒಂದು ಫೈನಲ್: ಒಂದು ದಿನಕ್ಕೆ ಇದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಮೇಲೆ ಹೇಳಿದ ಮೂವರ ತಂಡದ ಮಾದರಿಯಲ್ಲೇ ಭಾಷಣ 5 ನಿಮಿಷ, ಸಮಾರೋಪ 3 ನಿಮಿಷ ಎಂದರೆ 36 ನಿಮಿಷ. ತಯಾರಿಗೆ 30, ತೀರ್ಪು ಮತ್ತು ವಿವರಣೆಗೆ 20, ಸುತ್ತಿಗೆ ಸುಮಾರು ಒಂದೂವರೆ ಗಂಟೆ. ಬೆಳಿಗ್ಗೆ ಒಂಬತ್ತೂವರೆಗೆ ಶುರು ಮಾಡಿ ಊಟದ ಮೊದಲು ಎರಡು ಸುತ್ತು ಮುಗಿಸಿದರೆ ಫೈನಲ್ ನಾಲ್ಕೂಕಾಲಿಗೆ ಮುಗಿಯುತ್ತದೆ. ಹೊರಗಿನ ತಾಲೂಕುಗಳ ವಿದ್ಯಾರ್ಥಿನಿಯರು ಬಸ್ಸು ಹಿಡಿಯಬೇಕು, ಆದ್ದರಿಂದ ಅತಿಥಿಗಳ ಭಾಷಣ ಬೇಕೇ ಬೇಕೆಂದರೆ ಊಟದ ಹೊತ್ತಿಗೆ ಇಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಈ ಉಸಾಬರಿಯೇ ಬೇಡ.

ಗೆದ್ದವರಿಗೆ ಗೆದ್ದವರನ್ನು, ಸೋತವರಿಗೆ ಸೋತವರನ್ನು ಜೋಡಿಸುತ್ತ ಹೋದರೆ ಮೂರು ಸುತ್ತಿನ ನಂತರ ಎಲ್ಲ ಗೆದ್ದ ತಂಡ ಒಂದೇ ಉಳಿಯುತ್ತದೆ, ಎರಡು ಗೆದ್ದ ತಂಡಗಳು ಮೂರು. ಫೈನಲ್‌ನ ಎರಡನೇ ಸ್ಥಾನಕ್ಕೆ ಆ ಮೂವರಲ್ಲಿ ಒಬ್ಬರನ್ನು ಒಟ್ಟು ಅಂಕದ ಮೇಲೆ ಆರಿಸಬೇಕಾಗುತ್ತದೆ. ಜಗಳ ಹುಟ್ಟುವುದು ಇಲ್ಲೇ. ಈ ನಿಯಮವನ್ನು ಆಹ್ವಾನ ಪತ್ರದಲ್ಲೇ ಅಚ್ಚು ಹಾಕಿಸಿ.

ಒಟ್ಟು ಅಂಕ ನಂಬುವಂತಿರಬೇಕಾದರೆ ಎಲ್ಲ ತೀರ್ಪುಗಾರರ ಅಳತೆ ಒಂದೇ ಆಗಿರಬೇಕು. ಒಂದು ಕೊಠಡಿಯಲ್ಲಿ 50, ಇನ್ನೊಂದರಲ್ಲಿ 92 ಬಿದ್ದರೆ ಲೆಕ್ಕಕ್ಕೆ ಅರ್ಥವಿಲ್ಲ. ವಿಶ್ವ ಶಾಲಾ ಚರ್ಚಾ ಪಂದ್ಯಾವಳಿಯ ಪದ್ಧತಿ ಇಲ್ಲಿ ಚೆನ್ನಾಗಿ ಒದಗುತ್ತದೆ: ವಿಷಯಕ್ಕೆ 40, ಶೈಲಿಗೆ 40, ತಂತ್ರಕ್ಕೆ 20. ಆದರೆ ಕೊಡುವ ಒಟ್ಟು ಅಂಕ 60ರಿಂದ 80ರ ಒಳಗೇ, ಸಾಧಾರಣ ಭಾಷಣಕ್ಕೆ 70. ಬೆಳಿಗ್ಗೆ ಎಲ್ಲ ತೀರ್ಪುಗಾರರೂ ಸೇರಿ ಒಂದು ಮಾದರಿ ಭಾಷಣಕ್ಕೆ ಅಂಕ ಹಾಕಿ ಹೋಲಿಸಿ ನೋಡಲಿ, ಅರ್ಧ ಗಂಟೆ ಸಾಕು. ಫೈನಲ್‌ಗೆ ಮೂವರು ಅಥವಾ ಐವರು, ಬೆಸ ಸಂಖ್ಯೆಯೇ ಇರಬೇಕು. ತಮ್ಮ ಕಾಲೇಜಿನ ತಂಡಕ್ಕೆ ಯಾರೂ ತೀರ್ಪು ಕೊಡುವಂತಿಲ್ಲ. ಅಂಕಪಟ್ಟಿ ತುಂಬಿ ಸಹಿ ಮಾಡಿದ ಮೇಲೆಯೇ ಪರಸ್ಪರ ಮಾತಾಡಬೇಕು. ಮತ್ತು ಸೋತ ತಂಡಕ್ಕೆ ಯಾಕೆ ಸೋತಿತೆಂದು ಐದು ನಿಮಿಷ ಎದುರಿಗೇ ಹೇಳಬೇಕು. ‘ಎಲ್ಲರೂ ಚೆನ್ನಾಗಿ ಮಾತಾಡಿದಿರಿ’ ಎನ್ನುವ ತೀರ್ಪುಗಾರರನ್ನು ಮುಂದಿನ ವರ್ಷ ಕರೆಯಬೇಡಿ.

ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೇನೆ. ಹೊರರಾಜ್ಯದ ಇಂಗ್ಲಿಷ್ ಪಂದ್ಯಾವಳಿಯಲ್ಲಿ ‘ಬ್ರಿಟಿಷ್ ಪಾರ್ಲಿಮೆಂಟರಿ’ ಪದ್ಧತಿ ಎಂದಿದ್ದಾರೆ. ಕನ್ನಡ ಮಾಧ್ಯಮದವಳು ನಾನು. ಸಿದ್ಧತೆ ಹೇಗೆ? — ವಿದ್ಯಾರ್ಥಿನಿ

ಅದರಲ್ಲಿ ಇಬ್ಬಿಬ್ಬರ ನಾಲ್ಕು ತಂಡ, ಎರಡು ಪರ, ಎರಡು ವಿರೋಧ. ವಿಷಯ ತಿಳಿದ 15 ನಿಮಿಷಕ್ಕೆ ಚರ್ಚೆ ಶುರು. ಪ್ರತಿ ಭಾಷಣ 7 ನಿಮಿಷ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ಎದುರು ಪಕ್ಷದವರು ಎದ್ದು ನಿಂತು ಪ್ರಶ್ನೆ ಹಾಕಬಹುದು, 15 ಸೆಕೆಂಡ್ ಒಳಗೆ. ಒಂದೋ ಎರಡೋ ಒಪ್ಪಿಕೊಳ್ಳಿ. ಒಂದನ್ನೂ ಒಪ್ಪದಿದ್ದರೆ ಹೆದರಿದಂತೆ ಕಾಣುತ್ತದೆ, ನಾಲ್ಕು ಒಪ್ಪಿದರೆ ನಿಮ್ಮ ಸಮಯ ಅವರ ಪಾಲು. ಕೊನೆಗೆ ಒಂದರಿಂದ ನಾಲ್ಕರವರೆಗೆ ಸ್ಥಾನ, 3, 2, 1, 0 ಅಂಕ. ಅಂದರೆ ನಿಮ್ಮದೇ ಪಕ್ಷದ ಇನ್ನೊಂದು ತಂಡವೂ ನಿಮ್ಮ ಪ್ರತಿಸ್ಪರ್ಧಿ. ಎರಡನೇ ಅರ್ಧದಲ್ಲಿ ಮಾತಾಡುವ ತಂಡ ಮೊದಲಿನವರು ಹೇಳದ ಹೊಸ ವಾದವೊಂದನ್ನು ತರಲೇಬೇಕು. ಹೊಸಬರು ಕೆಳಗಿನ ಸ್ಥಾನಕ್ಕೆ ಜಾರುವುದು ಹೆಚ್ಚಾಗಿ ಇದು ಗೊತ್ತಿಲ್ಲದೆ.

ಹದಿನೈದು ನಿಮಿಷದಲ್ಲಿ ಮೊದಲ ಮೂರು ನಿಮಿಷ ಇಬ್ಬರೂ ಮಾತಾಡದೆ ಬರೆದುಕೊಳ್ಳಿ, ಆಮೇಲೆ ಕೂಡಿಸಿ. ಆ ಚರ್ಚೆ ಕನ್ನಡದಲ್ಲೇ ನಡೆಯಲಿ, ಯೋಚನೆ ಬೇಗ ಸಾಗುತ್ತದೆ. ಮಾತಾಡುವಾಗ ವಾಕ್ಯ ಚಿಕ್ಕದಿರಲಿ. ಉಚ್ಚಾರಣೆಯ ಮೇಲೆ ಅಂಕ ಕಳೆಯುವುದು ತೀರ್ಪುಗಾರರ ಕೆಲಸವಲ್ಲ. ಯಾವುದೇ ವಾದಕ್ಕೆ ಎರಡು ಪ್ರಶ್ನೆ ಹಾಕಿಕೊಳ್ಳಿ: ಇದು ಯಾಕೆ ನಿಜ? ನಿಜವಾದರೆ ಯಾರಿಗೆ ಎಷ್ಟು ಮುಖ್ಯ? ಎರಡನೆಯದಕ್ಕೆ ಉತ್ತರಿಸದೆ ಬಿಟ್ಟ ವಾದವೇ ಹೆಚ್ಚು.

ಚರ್ಚೆ ಕಲಿತರೆ ಮಗಳು ಮನೆಯಲ್ಲಿ ಎದುರು ವಾದಿಸುವುದು ಹೆಚ್ಚಾಗುವುದಿಲ್ಲವೇ? — ತಂದೆ, ಕಲಬುರಗಿ

ಆಗಬಹುದು. ಅವಳಿಗೆ ಆ ‘ತಿರುಗಿ ಹೇಳುವ’ ಅಭ್ಯಾಸ ಮಾಡಿಸುತ್ತಿದ್ದಾರೆಯೇ ಎಂದು ಶಾಲೆಯಲ್ಲಿ ವಿಚಾರಿಸಿ. ನೀವೂ ಮನೆಯಲ್ಲಿ ಅದನ್ನೇ ಪಾಲಿಸಬೇಕಾಗುತ್ತದೆ.

ನಮ್ಮ ಕಡೆಯ ಮಾತಿನಲ್ಲೇ ಚರ್ಚೆ ಮಾಡಬಹುದೇ? ‘ಶುದ್ಧ ಕನ್ನಡ’ ಬರುವುದಿಲ್ಲವೆಂದು ಹಿಂದೆ ಸರಿಯುವವರು ಬಹಳ. — ಪದವಿ ವಿದ್ಯಾರ್ಥಿ, ಶಹಾಪುರ

ಮಾಡಬಹುದು, ಮಾಡಲೇಬೇಕು. ‘ನಮ್ ಕಡಿ ತೊಗರಿಗಿ ರೇಟ್ ಸಿಗಂಗಿಲ್ಲ, ಯಾಕಂದ್ರ’ ಎಂದು ಶುರುವಾದ ಮಾತು ಕಾರಣ ಕೊಡುತ್ತಿದೆ, ಅಷ್ಟು ಸಾಕು. ಮನೆಯಲ್ಲಿ ಉರ್ದು, ತೆಲುಗು, ಮರಾಠಿ ಆಡುವವರೂ ಇಲ್ಲಿ ಕಡಿಮೆಯಿಲ್ಲ. ಅವರ ವಾಕ್ಯ ತಡವರಿಸಿದರೆ ಅಂಕ ಕಳೆಯಬಾರದು. ಸಂಘಟಕರು ತೀರ್ಪುಗಾರರ ಹಾಳೆಯ ಮೇಲೇ ಒಂದು ಸಾಲು ಬರೆದಿರಲಿ: ‘ಅರ್ಥವಾಯಿತೇ ಎಂಬುದಷ್ಟೇ ನೋಡಿ, ಯಾವ ಊರಿನ ಕನ್ನಡ ಎಂಬುದನ್ನಲ್ಲ’. ಹಾಗೆ ಬರೆದಿಲ್ಲದ ಸ್ಪರ್ಧೆಯಾದರೆ ಹೆಸರು ನೋಂದಾಯಿಸುವಾಗಲೇ ಕೇಳಿ ಖಚಿತಪಡಿಸಿಕೊಳ್ಳಿ.