ಮುಧೋಳವನ್ನು ಮ್ಯೂನಿಕ್‌ಗೆ ಕರೆತರುವ ಮೊದಲು

ನೀವು ಕೇಳಿದ್ದು ಇಷ್ಟು: ಮ್ಯೂನಿಕ್‌ಗೆ ಬಂದು ಮೂರು ತಿಂಗಳಾಯಿತು, ದಾವಣಗೆರೆಯಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದ ಮುಧೋಳ ನಾಯಿಯನ್ನು ಕರೆತರಬೇಕು, ಶನಿವಾರ ಭಾನುವಾರ ಅದರ ಜೊತೆ ಕಾಡು, ಹೊಳೆದಂಡೆ ಅಂತ ಸುತ್ತಬೇಕು. ಇಲ್ಲಿ ಅದನ್ನು ಕಾಡಿನಲ್ಲಿ ಬಿಡಬಹುದಾ? ನಾನು ಸಾಗರದ ಕಡೆಯವನು. ಇಲ್ಲಿಗೆ ಬಂದು ಹನ್ನೊಂದು ವರ್ಷ. ಆರು ವರ್ಷದಿಂದ ಕೆಂಚ ಅನ್ನೋ ಜಾತಿಗೀತಿ ಗೊತ್ತಿಲ್ಲದ ನಾಯಿ ಜೊತೆಗಿದ್ದಾನೆ. ಅನಾಥ ಪ್ರಾಣಿಗಳ ಮನೆಯಿಂದ ತಂದದ್ದು. ಅವನಿಂದ ಕಲಿತದ್ದನ್ನೇ ಹೇಳುತ್ತೇನೆ.

ಮೊದಲು ಕಾಗದಪತ್ರ, ಯಾಕಂದ್ರೆ ಅದಕ್ಕೇ ಜಾಸ್ತಿ ದಿನ ಬೇಕು. ನಾಯಿಗೆ ಮೈಕ್ರೋಚಿಪ್ ಹಾಕಿಸಬೇಕು, ಆಮೇಲೆ ರೇಬೀಸ್ ಲಸಿಕೆ. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಯುರೋಪ್ ಒಕ್ಕೂಟ ಒಪ್ಪಿದ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬೇಕು. ರಕ್ತ ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ಅಂದರೆ ಇವತ್ತೇ ಶುರು ಮಾಡಿದರೂ ನಾಲ್ಕು ತಿಂಗಳು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಾಯಿಯ ಪ್ರಯಾಣ ನಿಮ್ಮ ಪ್ರಯಾಣದ ಹಿಂದೆ ಮುಂದೆ ಐದು ದಿನದೊಳಗೆ ಇರಬೇಕು. ಹಾಗಾಗಿ ಸುಮ್ನೆ ಕಾರ್ಗೋದಲ್ಲಿ ಕಳಿಸಿ ಅಂತ ಅಮ್ಮನಿಗೆ ಹೇಳಬೇಡಿ, ಊರಿಗೆ ಹೋದಾಗ ನೀವೇ ಕರೆದುಕೊಂಡು ಬನ್ನಿ. ಬಾಡಿಗೆ ಕರಾರಿನಲ್ಲಿ ನಾಯಿಯ ಬಗ್ಗೆ ಏನಿದೆ ಅಂತಲೂ ಈಗಲೇ ನೋಡಿಕೊಳ್ಳಿ. ವರ್ಷಕ್ಕೆ 100 ಯೂರೋ ನಾಯಿ ತೆರಿಗೆ ಇದೆ. ಹೌದು, ನಾಯಿಗೂ ತೆರಿಗೆ. ನಮ್ಮಪ್ಪನಿಗೆ ಇದನ್ನು ಹೇಳಿದಾಗ ಫೋನಿನಲ್ಲಿ ಐದು ನಿಮಿಷ ನಕ್ಕರು.

ಈಗ ಬಿಡುವ ವಿಷಯ. ಊರಲ್ಲಿ ನಾಯಿಗೆ ಬೆಳಿಗ್ಗೆ ಬಾಗಿಲು ತೆಗೆದರೆ ಸಾಕಿತ್ತು, ಅದರ ದಾರಿ ಅದಕ್ಕೆ. ಇಲ್ಲಿ ಬೀದಿನಾಯಿ ಅನ್ನೋದೇ ಇಲ್ಲ. ನಾಯಿ ಹೊರಗೆ ಹೋಗಬೇಕಂದ್ರೆ ನೀವು ಹೋಗಬೇಕು, ಮಳೆಯಿರಲಿ, ಮೈನಸ್ ಹತ್ತು ಇರಲಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಕಾಡಿಗೆಲ್ಲ ಅನ್ವಯವಾಗುವ, ನಾಯಿಗೆ ಹಗ್ಗ ಕಟ್ಟಲೇಬೇಕು ಅನ್ನುವ ಒಂದೇ ನಿಯಮ ಇಲ್ಲ. ಊರಿಂದ ಊರಿಗೆ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಬೋರ್ಡ್ ಓದಬೇಕು. ಅದನ್ನು ಕೇಳಿ ‘ಹಾಗಾದರೆ ಬಿಡಬಹುದು’ ಅಂದುಕೊಂಡೆ ನಾನು.

ಕೆಂಚ ಬಂದ ಮೊದಲ ವರ್ಷದ ಮೇ ತಿಂಗಳು. ಇಸಾರ್ ಹೊಳೆಯ ಪಕ್ಕದ ಬೀಚ್ ಮರಗಳ ಕಾಡು, ಹೊಸ ಎಲೆ, ಯಾರೂ ಇಲ್ಲ. ಹಗ್ಗ ಬಿಚ್ಚಿದೆ. ಹತ್ತು ನಿಮಿಷ ಪಕ್ಕದಲ್ಲೇ ಇದ್ದ. ಆಮೇಲೆ ಬಲಗಡೆ ಒಂದು ಪುಟ್ಟ ಜಿಂಕೆ ನೆಗೆಯಿತು, ಬಿಳಿ ಹಿಂಭಾಗ ಮಾತ್ರ ಕಂಡದ್ದು. ಕೆಂಚನ ಕಿವಿ ಹಿಂದಕ್ಕೆ ಹೋಯಿತು, ಅಷ್ಟೇ. ಕೂಗಿದೆ, ಸೀಟಿ ಹೊಡೆದೆ, ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿದೆ. ಒಂದು ಗಂಟೆ ಕಾಡು ಸುತ್ತಿ ಗಂಟಲು ಹೋಯಿತು. ಹಸಿರು ಟೋಪಿಯ ಒಬ್ಬ ವಯಸ್ಸಾದ ಬೇಟೆಗಾರ ಎದುರಾದ. ಬೈಯಲಿಲ್ಲ. ‘ಎಲ್ಲಿ ಕಳೆದುಕೊಂಡಿರೋ ಅಲ್ಲೇ ಹೋಗಿ ಕೂತುಕೊಳ್ಳಿ, ಅದು ತನ್ನ ವಾಸನೆ ಹಿಡಿದು ಅಲ್ಲಿಗೇ ಬರುತ್ತದೆ’ ಅಂದ. ಹೋಗಿ ಕೂತೆ. ಅರ್ಧ ಗಂಟೆಗೆ ನಾಲಿಗೆ ಹೊರಹಾಕಿಕೊಂಡು, ಕಾಲಿಗೆ ಕೆಸರು ಮೆತ್ತಿಕೊಂಡು, ಏನೂ ಆಗದವನ ಹಾಗೆ ಬಂದ. ಹೊರಡುವಾಗ ಆ ಬೇಟೆಗಾರ ಇನ್ನೊಂದು ಮಾತು ಹೇಳಿದ, ಅದೂ ಮೆಲ್ಲಗೆ: ಕಾಡುಪ್ರಾಣಿಯನ್ನು ಅಟ್ಟುವ ನಾಯಿಗೆ ಗುಂಡು ಹೊಡೆಯಲು ಇಲ್ಲಿನ ಬೇಟೆ ಕಾನೂನಿನಲ್ಲಿ ಅವಕಾಶ ಇದೆ.

ಮಾರನೇ ದಿನವೇ ಹತ್ತು ಮೀಟರ್‌ನ ಉದ್ದ ಹಗ್ಗ ತಂದೆ. ಇಲ್ಲಿ ಅದಕ್ಕೆ ಶ್ಲೆಪ್‌ಲೈನೆ ಅಂತಾರೆ. ಕೊರಳಪಟ್ಟಿಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. ಬೇಸಿಗೆಯಲ್ಲೂ ಕೈಗೆ ಗ್ಲೌಸ್ ಇರಲಿ, ಹಗ್ಗ ಸರ್ರನೆ ಎಳೆದರೆ ಅಂಗೈ ಸುಲಿಯುತ್ತದೆ. ನಿಮ್ಮದು ಮುಧೋಳ ಅಂತೀರಿ. ಕೆಂಚ ಮೂಸಿ ಓಡುವವನು, ಮುಧೋಳ ಕಣ್ಣಲ್ಲಿ ಕಂಡದ್ದನ್ನು ಅಟ್ಟಲು ಹುಟ್ಟಿದ ತಳಿ. ಮೇ, ಜೂನ್‌ನಲ್ಲಿ ಎತ್ತರದ ಹುಲ್ಲಿನೊಳಗೆ ಜಿಂಕೆಮರಿಗಳು ಅಲ್ಲಾಡದೆ ಮಲಗಿರುತ್ತವೆ. ನನ್ನ ಮಟ್ಟಿಗೆ ಹೇಳೋದಾದರೆ, ಕಾಡಿನಲ್ಲಿ ಮುಧೋಳದ ಹಗ್ಗ ಬಿಚ್ಚುವ ಮಾತೇ ಬೇಡ. ಓಡಿಸಲು ಬೇಲಿ ಹಾಕಿದ ನಾಯಿ ಮೈದಾನ ಹುಡುಕಿ. ಚಳಿಗಾಲಕ್ಕೆ ಕೋಟು ಬೇಕೇ ಬೇಕು, ಅದಕ್ಕೆ ಮೈಮೇಲೆ ದಟ್ಟ ಕೂದಲೂ ಇಲ್ಲ, ಕೊಬ್ಬೂ ಇಲ್ಲ.

ಎಲ್ಲಿಗೆ ಹೋಗೋದು ಅಂತೀರಾ? ಎಸ್-7 ಅನ್ನೋ ಲೋಕಲ್ ರೈಲು ಹತ್ತಿ ಎಬೆನ್‌ಹೌಸನ್-ಶೆಫ್ಟ್‌ಲಾರ್ನ್ ಸ್ಟೇಷನ್‌ನಲ್ಲಿ ಇಳಿಯಿರಿ. ಮ್ಯೂನಿಕ್ ಸುತ್ತಿನ ಲೋಕಲ್ ರೈಲಿನಲ್ಲಿ ಒಬ್ಬರಿಗೆ ಒಂದು ನಾಯಿ ಫ್ರೀ. ಕಾಡಿನೊಳಗೆ ಇಳಿಜಾರು ಹಿಡಿದರೆ ಶೆಫ್ಟ್‌ಲಾರ್ನ್ ಮಠ, 762ರಲ್ಲಿ ಶುರುವಾದದ್ದು. ಮಠದ ಬಿಯರ್ ಗಾರ್ಡನ್‌ನಲ್ಲಿ ನೀವು ಕೂರುವ ಮೊದಲೇ ನಾಯಿಗೆ ನೀರಿನ ಬಟ್ಟಲು ಬರುತ್ತದೆ. ಅಲ್ಲಿಂದ ಹೊಳೆ ಹಿಡಿದು ಉತ್ತರಕ್ಕೆ ನಡೆದರೆ ಬಾಯರ್‌ಬ್ರುನ್, ಇನ್ನೂ ಶಕ್ತಿ ಇದ್ದರೆ ಹ್ಯೊಲ್‌ರೀಗಲ್ಸ್‌ಕ್ರಾಯ್ಟ್. ಎರಡೂ ಅದೇ ಎಸ್-7 ದಾರಿಯ ಸ್ಟೇಷನ್‌ಗಳು, ಸುಸ್ತಾದಲ್ಲಿ ರೈಲು ಹತ್ತಬಹುದು. ಬೇಸಿಗೆಯಲ್ಲಿ ಮರದ ದಿಮ್ಮಿಗಳ ತೆಪ್ಪಗಳು ಹೊಳೆಯ ಮೇಲ್ಗಡೆಯ ವೋಲ್ಫ್ರಾಟ್ಸ್‌ಹೌಸನ್ ಊರಿನಿಂದ ತೇಲಿ ಬರುತ್ತವೆ, ಮೇಲೆ ಬ್ಯಾಂಡು, ಬಿಯರ್ ಪೀಪಾಯಿ. ಕೆಂಚನಿಗೆ ಆ ತುತ್ತೂರಿ ಕಂಡರಾಗದು.

ಹೊಳೆಗೆ ನಾಯಿ ಇಳಿಯಲಿ, ತೊಂದರೆಯಿಲ್ಲ. ಆದರೆ ಪಕ್ಕದಲ್ಲೇ ಕರೆಂಟ್ ತಯಾರಿಕೆಗೆ ನೀರು ಒಯ್ಯುವ ಕಾಲುವೆಗಳಿವೆ. ನೋಡಲು ಶಾಂತ, ದಡ ಮಾತ್ರ ಕಡಿದಾದ ಕಾಂಕ್ರೀಟು. ಬಿದ್ದ ನಾಯಿಗೆ ಹತ್ತಿ ಬರಲು ಉಗುರಿಗೆ ಹಿಡಿತ ಸಿಗುವುದಿಲ್ಲ. ಅಲ್ಲಿ ಹಗ್ಗ ಗಿಡ್ಡ ಮಾಡಿ. ಹೊಳೆಯ ಮೇಲ್ಗಡೆ ಪುಪ್ಲಿಂಗರ್ ಔ ಅನ್ನೋ ಹೊಳೆದಂಡೆಯ ಬಯಲಿನ ಕಡೆ ಹೋದರೆ, ವಸಂತದಲ್ಲಿ ಬೆಣಚುಕಲ್ಲಿನ ದಿಬ್ಬಗಳಿಗೆ ಕಾಲಿಡಬೇಡಿ. ಹಕ್ಕಿಗಳು ಕಲ್ಲಿನ ನಡುವೆಯೇ ಮೊಟ್ಟೆ ಇಡುತ್ತವೆ, ಮೊಟ್ಟೆಯೂ ಕಲ್ಲಿನ ಹಾಗೇ ಕಾಣುತ್ತದೆ.

ಇನ್ನು ಉಣುಗು. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಇದೆಯಲ್ಲ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಅದರದೇ ಕುಟುಂಬದ ವೈರಸ್ಸು ಇಲ್ಲಿಯ ಉಣುಗಿನಲ್ಲೂ ಇದೆ. ಇಲ್ಲಿ ಎಫ್‌ಎಸ್‌ಎಂಇ ಅಂತಾರೆ. ಮಿದುಳಿಗೆ ಏರುವ ಜ್ವರ. ಬವೇರಿಯಾ ಪೂರ್ತಿ ಹೆಚ್ಚುಕಮ್ಮಿ ಅದರ ವಲಯವೇ. ಉಣುಗು ಹತ್ತದ ಹಾಗೆ ಎಣ್ಣೆ ಬಳಿದುಕೊಂಡು ಸೊಪ್ಪಿಗೆ ಹೋಗುವವರನ್ನು ನೋಡಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಡಾಕ್ಟರ್ ಲಸಿಕೆ ಅಂದ ಕೂಡಲೇ ತೋಳು ಚಾಚಿದೆ. ಮೂರು ಡೋಸ್, ನೀವೂ ಈ ಚಳಿಗಾಲದಲ್ಲೇ ಶುರು ಮಾಡಿ. ಉಣುಗಿನಿಂದಲೇ ಬರುವ ಇನ್ನೊಂದು ಕಾಯಿಲೆ ಬೊರೆಲಿಯೋಸಿಸ್. ಅದನ್ನು ಈ ಲಸಿಕೆ ತಡೆಯುವುದಿಲ್ಲ. ಅದಕ್ಕೇ ಮನೆಗೆ ಬಂದ ತಕ್ಷಣ ಮೈ ನೋಡಿಕೊಳ್ಳಬೇಕು, ನಾಯಿಯ ಮೈಯನ್ನೂ.

ಕೆಂಚನನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ಕಿವಿಯ ಬುಡ, ಕಂಕುಳು, ಬೆರಳಸಂದಿ ಕೈಯಾಡಿಸುತ್ತೇನೆ. ಅಂಟಿದ ಉಣುಗು ಎಳ್ಳುಕಾಳಿನಷ್ಟು ಇರುತ್ತದೆ, ರಕ್ತ ಕುಡಿದದ್ದಾದರೆ ಬಟಾಣಿ. ಊರಲ್ಲಿ ಸೀಮೆಎಣ್ಣೆ ಬಿಡುತ್ತಿದ್ದೆವು, ಇಲ್ಲಿ ಹಾಗೆ ಮಾಡಬೇಡಿ. ಔಷಧದಂಗಡಿಯ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನಿಧಾನ ನೇರಕ್ಕೆ ಎಳೆಯಿರಿ.

ನಾಯಿ ಬರೋವರೆಗೆ ನಾಲ್ಕು ತಿಂಗಳು ಇದೆಯಲ್ಲ. ಬರುವ ಭಾನುವಾರ ಒಂಬತ್ತೂವರೆಗೆ ನಾವಿಬ್ಬರೂ ಎಬೆನ್‌ಹೌಸನ್ ಪ್ಲಾಟ್‌ಫಾರಂನಲ್ಲಿ ಇರುತ್ತೇವೆ. ಬನ್ನಿ, ಹಗ್ಗ ಒಂದಷ್ಟು ದೂರ ನೀವೇ ಹಿಡಿದು ನೋಡಿ. ಕೆಂಚ 28 ಕೆಜಿ ಇದ್ದಾನೆ, ಗ್ಲೌಸ್ ಮರೆಯಬೇಡಿ. ಚಿತ್ರಾನ್ನ ನಾನು ತರುತ್ತೇನೆ.