ಸಂಪಾದಕರ ಉತ್ತರ: ರಾನ್‌ಬಾಕ್ಸಿಯೂ ‘ಒಳ್ಳೆ ಕಂಪನಿ’ಯೇ ಆಗಿತ್ತಲ್ಲ!

ಸಂಪಾದಕರಿಗೆ ನಮಸ್ಕಾರ. ಜನೌಷಧಿ ಮಳಿಗೆಗಳ ಕುರಿತ ನಿಮ್ಮ ಲೇಖನದಲ್ಲಿ ರಾನ್‌ಬಾಕ್ಸಿ ಹೆಸರು ಓದಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿದೆ. ಅಷ್ಟು ದೊಡ್ಡ ಕಂಪನಿಯೇ ಸುಳ್ಳು ದಾಖಲೆ ಸೃಷ್ಟಿಸಿತ್ತು ಎಂದಮೇಲೆ ಅಗ್ಗದ ಜನರಿಕ್ (ಬ್ರ್ಯಾಂಡ್ ಹೆಸರಿಲ್ಲದ) ಮಾತ್ರೆಗಳನ್ನು ಹೇಗೆ ನಂಬುವುದು? ನಮ್ಮ ಕಂಪನಿಯನ್ನು ಮುಳುಗಿಸಲು ಅಮೆರಿಕದವರು ಹೂಡಿದ ಆಟ ಅದು ಎನ್ನುವವರೂ ಇದ್ದಾರೆ. ನಾನು ಬಿಪಿಗೆ ಜನೌಷಧಿ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದೇನೆ. ‘ಒಳ್ಳೆ ಕಂಪನಿದು ತಗೊಳ್ಳಿ ಮೇಷ್ಟ್ರೇ’ ಅಂತ ನಮ್ಮ ಮೆಡಿಕಲ್ ಶಾಪಿನವರು ಸಿಕ್ಕಾಗಲೆಲ್ಲ ಹೇಳುತ್ತಾರೆ. ಏನು ಮಾಡಲಿ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಮೇಷ್ಟ್ರೇ,

ನಿಮ್ಮ ಮೆಡಿಕಲ್ ಶಾಪಿನವರು ಹೇಳುವ ‘ಒಳ್ಳೆ ಕಂಪನಿ’ಗಳ ಸಾಲಿನಲ್ಲಿ ರಾನ್‌ಬಾಕ್ಸಿ ಹತ್ತಾರು ವರ್ಷ ಮುಂದೆಯೇ ನಿಂತಿತ್ತು. ಮನಸ್ಸಿನ ತಳಮಳಕ್ಕೆ ಕಾಂಪೋಸ್, ಸುಸ್ತಿಗೆ ರಿವೈಟಲ್, ಸೊಂಟ ಹಿಡಿದರೆ ವೊಲಿನಿ, ಕೊಲೆಸ್ಟ್ರಾಲಿಗೆ ಸ್ಟಾರ್ವಾಸ್, ಎಲ್ಲವೂ ಅದರ ಮಾಲೇ. ಪೇಟೆಂಟ್ ಮುಗಿದ ಔಷಧಕ್ಕೆ ತನ್ನದೊಂದು ಹೆಸರಿಟ್ಟು ಮಾರಿದರೆ ನಮ್ಮಲ್ಲಿ ಅದು ‘ಕಂಪನಿ ಮಾತ್ರೆ’. ಅದೇ ರಾನ್‌ಬಾಕ್ಸಿ ಅಮೆರಿಕಕ್ಕೆ ಕಾಲಿಟ್ಟಾಗ ಮಾತ್ರ ಜನರಿಕ್ ಕಂಪನಿ. ಹಾಗಾಗಿ ಈ ಹಗರಣವನ್ನು ಮುಂದಿಟ್ಟುಕೊಂಡು ‘ಜನರಿಕ್ ಬೇಡ, ಬ್ರ್ಯಾಂಡೇ ಇರಲಿ’ ಅನ್ನುವ ವಾದ ನಿಲ್ಲುವುದಿಲ್ಲ. ಅಲ್ಲಿ ಸಿಕ್ಕಿಬಿದ್ದದ್ದು ಬೆಲೆಯಲ್ಲ, ಕಾಗದಪತ್ರದ ಸುಳ್ಳು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹಳೆಯ ಕತೆಯನ್ನು ಬೇಗ ಮುಗಿಸುತ್ತೇನೆ. 1937ರಲ್ಲಿ ರಣಬೀರ್ ಸಿಂಗ್ ಮತ್ತು ಗುರ್‌ಬಕ್ಸ್ ಸಿಂಗ್ ಜಪಾನಿನ ಔಷಧಗಳನ್ನು ತರಿಸಿ ಮಾರಲು ತೆರೆದ ವ್ಯಾಪಾರ ಅದು. ಸಾಲ ಕೊಟ್ಟಿದ್ದ ಭಾಯಿ ಮೋಹನ್ ಸಿಂಗ್ 1952ರಲ್ಲಿ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಅಂದಿತು. ಬೇರೆ ದಾರಿಯಿಂದ ಅದೇ ಔಷಧ ಮಾಡುವ ಕೆಮಿಸ್ಟರಿಗೆ ನಮ್ಮ ದೇಶದಲ್ಲಿ ಬೆಲೆ ಬಂದದ್ದೇ ಆಗ. ಮೋಹನ್ ಸಿಂಗ್ ಅವರ ಮಗ, ಮಿಷಿಗನ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದ ಪರ್ವಿಂದರ್ ಸಿಂಗ್, ಕಂಪನಿಯನ್ನು ನಿಜವಾಗಿ ಬೆಳೆಸಿದವರು. ಎಲೈ ಲಿಲ್ಲಿ ಕಂಪನಿಯ ಸೆಫಾಕ್ಲೋರ್ ಎಂಬ ಆ್ಯಂಟಿಬಯಾಟಿಕ್ ಅನ್ನು ಇವರ ಲ್ಯಾಬಿನವರು ಬೇರೆ ವಿಧಾನದಿಂದ ತಯಾರಿಸಿ ತೋರಿಸಿದಾಗ ಲಿಲ್ಲಿಯೇ ಬಂದು ಪಾಲುದಾರಿಕೆ ಮಾಡಿಕೊಂಡಿತು. ಇದನ್ನು ಹೇಳುತ್ತಿರುವುದು ಯಾಕೆಂದರೆ, ರಾನ್‌ಬಾಕ್ಸಿಯಲ್ಲಿ ವಿದ್ಯೆಗೆ ಬಡತನವಿರಲಿಲ್ಲ. ಕೆಲಸ ಬಾರದವರು ಮಾಡಿದ ಎಡವಟ್ಟು ಅಂದುಕೊಂಡು ಸಮಾಧಾನಪಡುವಂತಿಲ್ಲ. ಪರ್ವಿಂದರ್ 1999ರಲ್ಲಿ ತೀರಿಕೊಂಡರು.

ಅಮೆರಿಕದ 1984ರ ಕಾನೂನೊಂದು ಜನರಿಕ್ ಕಂಪನಿಗಳಿಗೆ ದೊಡ್ಡ ಆಸೆ ತೋರಿಸುತ್ತದೆ. ಬ್ರ್ಯಾಂಡ್ ಔಷಧದ ಪೇಟೆಂಟಿಗೆ ಸವಾಲು ಹಾಕಿ ಮೊದಲು ಅರ್ಜಿ ಹಾಕಿದವರಿಗೆ 180 ದಿನ ಬೇರೆ ಜನರಿಕ್ ಅರ್ಜಿದಾರರ ಪೈಪೋಟಿ ಇಲ್ಲದ ಮಾರುಕಟ್ಟೆ. ಎರಡನೆಯವನಾದರೆ ಆ ಬಹುಮಾನವಿಲ್ಲ. ಅರ್ಜಿಯ ಜೊತೆ ಪರೀಕ್ಷೆಯ ಅಂಕಿಅಂಶಗಳನ್ನೂ ಕೊಡಬೇಕು. ಕೆಲವು ಪರೀಕ್ಷೆಗಳಿಗೆ ತಿಂಗಳುಗಟ್ಟಲೆ ಕಾಯಲೇಬೇಕು. ಕಾಯುವ ವ್ಯವಧಾನ ಇಲ್ಲದವನ ಕಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಿಮಗೆ ಹೇಳಬೇಕಿಲ್ಲ.

ಬಾಳಿಕೆ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಔಷಧ ಕಾರ್ಖಾನೆಗಳಲ್ಲಿ ಸ್ಟೆಬಿಲಿಟಿ ಟೆಸ್ಟ್ ಅನ್ನುತ್ತಾರೆ. ಸ್ಟ್ರಿಪ್ಪಿನ ಮೇಲೆ ಎಕ್ಸ್‌ಪೈರಿ ತಾರೀಖು ಬರುವುದು ಇದರಿಂದಲೇ. ಮಾತ್ರೆಗಳನ್ನು ಗೊತ್ತುಪಡಿಸಿದ ಉಷ್ಣಾಂಶ, ತೇವಾಂಶದ ಕೋಣೆಯಲ್ಲಿ ಇಟ್ಟು, ಮೂರನೇ ತಿಂಗಳು, ಆರನೇ ತಿಂಗಳು, ಒಂಬತ್ತನೇ ತಿಂಗಳು ಹೀಗೆ ತೆಗೆದು ನೋಡಬೇಕು: ಔಷಧದ ಅಂಶ ಎಷ್ಟು ಉಳಿದಿದೆ, ಕೆಟ್ಟು ಬೇರೇನಾದರೂ ಹುಟ್ಟಿಕೊಂಡಿದೆಯೇ ಎಂದು. ರಾನ್‌ಬಾಕ್ಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಕೊಟ್ಟ ವರದಿಗಳಲ್ಲಿ ಈ ತಾರೀಖುಗಳು ಅಚ್ಚುಕಟ್ಟಾಗಿದ್ದವು. ಅಸಲಿಗೆ ತಿಂಗಳುಗಳ ಅಂತರದಲ್ಲಿ ಆಗಬೇಕಿದ್ದ ಕೆಲವು ಪರೀಕ್ಷೆಗಳು ಒಂದೇ ದಿನ, ಇಲ್ಲವೇ ಒಂದೆರಡು ದಿನಗಳ ಅಂತರದಲ್ಲಿ ಮುಗಿದಿದ್ದವು. ಮಾತ್ರೆಗಳು ಇರಬೇಕಾದ ಕೋಣೆಯಲ್ಲಿರದೆ ಫ್ರಿಜ್ಜಿನಲ್ಲಿದ್ದವು, ಎಷ್ಟು ದಿನದಿಂದ ಅನ್ನುವುದಕ್ಕೂ ಲೆಕ್ಕವಿಲ್ಲ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೂರು ಕಿರುಪರೀಕ್ಷೆಗಳನ್ನು ಒಂದೇ ಬೆಳಿಗ್ಗೆ ಬರೆಸಿ, ಅಂಕಪಟ್ಟಿಯಲ್ಲಿ ಜುಲೈ, ಸೆಪ್ಟೆಂಬರ್, ಡಿಸೆಂಬರ್ ಎಂದು ತುಂಬಿದಂತೆ. ಫ್ರಿಜ್ಜಿನಲ್ಲಿಟ್ಟ ಮಾತ್ರೆ ಅಷ್ಟು ಬೇಗ ಕೆಡುವುದಿಲ್ಲ, ನಿಜ. ಆದರೆ ಅದನ್ನು ನುಂಗುವವರು ಅಡುಗೆಮನೆಯ ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ.

ಇದನ್ನು ಒಳಗಿನಿಂದ ಹೊರಗೆ ತಂದವರು ರಾನ್‌ಬಾಕ್ಸಿಯಲ್ಲೇ ಅಧಿಕಾರಿಯಾಗಿದ್ದ ದಿನೇಶ್ ಠಾಕೂರ್. 2004ರಲ್ಲಿ ರಾನ್‌ಬಾಕ್ಸಿಯ ಏಡ್ಸ್ ಔಷಧಗಳ ಪರೀಕ್ಷೆ ನಡೆಸಿದ್ದ ಹೈದರಾಬಾದಿನ ಲ್ಯಾಬಿಗೆ ವಿಶ್ವ ಆರೋಗ್ಯ ಸಂಸ್ಥೆಯವರು ಹೋದಾಗ ದಾಖಲೆಗಳಲ್ಲಿ ಗೋಲ್‌ಮಾಲ್ ಸಿಕ್ಕಿತು. ಸಂಶೋಧನಾ ವಿಭಾಗಕ್ಕೆ ಆಗಷ್ಟೇ ಬಂದಿದ್ದ ರಾಜಿಂದರ್ ಕುಮಾರ್, ಉಳಿದ ಔಷಧಗಳ ಕತೆ ಏನೆಂದು ನೋಡಲು ಠಾಕೂರರಿಗೆ ಹೇಳಿದರು. 40ಕ್ಕೂ ಹೆಚ್ಚು ದೇಶಗಳು, 200ಕ್ಕೂ ಹೆಚ್ಚು ಔಷಧಗಳು. ಕೆದಕಿದಲ್ಲೆಲ್ಲ ಇದೇ ಹಣೆಬರಹ. ಕುಮಾರ್ ಅದನ್ನೆಲ್ಲ ಒಂದು ವರದಿ ಮಾಡಿ ನಿರ್ದೇಶಕರ ಮುಂದಿಟ್ಟರು. ರೋಗ ಗೊತ್ತಾಯಿತು, ಮದ್ದು ಮಾಡಲಿಲ್ಲ. ಕುಮಾರ್ ಕೆಲಸ ಬಿಟ್ಟರು, ಠಾಕೂರ್ 2005ರ ಏಪ್ರಿಲ್‌ನಲ್ಲಿ ಬಿಟ್ಟರು, ಆಗಸ್ಟ್‌ನಲ್ಲಿ ಬೇರೆ ಹೆಸರಿನಿಂದ ಎಫ್‌ಡಿಎಗೆ ಬರೆದರು.

ಮುಂದಿನದು ಆಮೆಗತಿ. ಹಿಮಾಚಲದ ಪಾಂವ್ಟಾ ಸಾಹಿಬ್ ಕಾರ್ಖಾನೆಯ ತಪಾಸಣೆ 2006ರ ಫೆಬ್ರವರಿಯಲ್ಲಿ. ಅಲ್ಲಿಯ ಮತ್ತು ಮಧ್ಯಪ್ರದೇಶದ ದೇವಾಸ್‌ನ 30ಕ್ಕೂ ಹೆಚ್ಚು ಔಷಧಗಳಿಗೆ ಅಮೆರಿಕ ಬಾಗಿಲು ಹಾಕಿದ್ದು 2008ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮೂರು ತಿಂಗಳು ಮುಂಚೆ, ಜೂನ್‌ನಲ್ಲಿ, ಪರ್ವಿಂದರರ ಮಕ್ಕಳಾದ ಮಲ್ವಿಂದರ್ ಮತ್ತು ಶಿವಿಂದರ್ ಸಿಂಗ್ ತಮ್ಮ ಕುಟುಂಬದ ಪಾಲನ್ನು ಷೇರಿಗೆ 737 ರೂಪಾಯಿಯಂತೆ ಜಪಾನಿನ ದಾಯ್ಚಿ ಸ್ಯಾಂಕ್ಯೊ ಕಂಪನಿಗೆ ಮಾರಲು ಒಪ್ಪಂದ ಮಾಡಿಕೊಂಡಿದ್ದರು. ಸುಮಾರು 10,000 ಕೋಟಿ ರೂಪಾಯಿಯ ವ್ಯವಹಾರ. 2013ರ ಮೇ 13ರಂದು ರಾನ್‌ಬಾಕ್ಸಿಯ ಅಮೆರಿಕದ ಅಂಗಸಂಸ್ಥೆ ನ್ಯಾಯಾಲಯದಲ್ಲಿ ಏಳು ಗಂಭೀರ ಅಪರಾಧಗಳನ್ನು ಒಪ್ಪಿಕೊಂಡಿತು. ದಂಡ, ಪರಿಹಾರ ಎಲ್ಲ ಸೇರಿ 50 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ 2,700 ಕೋಟಿ ರೂಪಾಯಿ. ದಂಡ ಕಟ್ಟುವ ಹೊತ್ತಿಗೆ ಮಾಲೀಕರು ಜಪಾನಿನವರು. ಅಮೆರಿಕದಲ್ಲಿ ವ್ಯಕ್ತಿಯೆಂದು ಒಬ್ಬರ ಮೇಲೂ ಆರೋಪಪಟ್ಟಿ ಬರಲಿಲ್ಲ. ನನಗೆ ಇವತ್ತಿಗೂ ಅರಗದ ಸಂಗತಿ ಅದು. ಸಿಂಗ್ ಸೋದರರು 2019ರಲ್ಲಿ ಬಂಧನಕ್ಕೊಳಗಾದದ್ದು ಅವರೇ ಕಟ್ಟಿದ್ದ ರೆಲಿಗೇರ್ ಎಂಬ ಹಣಕಾಸು ಕಂಪನಿಯ ಪ್ರಕರಣದಲ್ಲಿ. ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ. ಎಷ್ಟೋ ಜನ ಎರಡನ್ನೂ ಕಲಸಿಬಿಡುತ್ತಾರೆ.

ಈಗ ಅಮೆರಿಕದ ಆಟ ಎನ್ನುವ ಮಾತಿಗೆ ಬರೋಣ. ರಾನ್‌ಬಾಕ್ಸಿಯನ್ನು ಮುಳುಗಿಸುವುದೇ ಉದ್ದೇಶವಾಗಿದ್ದರೆ ತನಿಖೆ ನಡುವೆಯೇ, 2011ರ ನವೆಂಬರ್ 30ರಂದು, ಕೊಲೆಸ್ಟ್ರಾಲ್ ಇಳಿಸುವ ಲಿಪಿಟರ್‌ನ ಜನರಿಕ್ ಮಾರಲು ಅದಕ್ಕೆ ಒಪ್ಪಿಗೆ ಕೊಡುತ್ತಿದ್ದರೇ? ಆಗ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಔಷಧಗಳಲ್ಲಿ ಒಂದು ಅದು. ಮೊದಲ ಅರ್ಜಿ ರಾನ್‌ಬಾಕ್ಸಿಯದಾಗಿದ್ದರಿಂದ 180 ದಿನಗಳ ಲಾಭವೂ ಅದಕ್ಕೇ ಸಿಕ್ಕಿತು. ಅಗ್ಗದ ಔಷಧ ಬೇಕೆಂಬ ಅವಸರ ಆ ದೇಶಕ್ಕೂ ಇತ್ತು. ವರ್ಷ ಕಳೆಯುವಷ್ಟರಲ್ಲಿ ಅದೇ ಮಾತ್ರೆಯಲ್ಲಿ ಗಾಜಿನ ಕಣಗಳಿರಬಹುದೆಂದು ಕಂಪನಿಯೇ 41 ಬ್ಯಾಚ್‌ಗಳನ್ನು ವಾಪಸ್ ಪಡೆಯಿತು, ಅದು ಬೇರೆ ಮಾತು.

ಅಮೆರಿಕದವರು ಸಾಚಾ ಎಂದೂ ನಾನು ಹೇಳುತ್ತಿಲ್ಲ. 1989ರಲ್ಲಿ ಅವರ ಎಫ್‌ಡಿಎ ಅಧಿಕಾರಿಗಳೇ ಜನರಿಕ್ ಕಂಪನಿಗಳಿಂದ ಲಂಚ ತಿಂದು ಸಿಕ್ಕಿಬಿದ್ದಿದ್ದರು. ವಿಟರೀನ್ ಎಂಬ ಅಲ್ಲಿಯದೇ ಕಂಪನಿ ಬ್ರ್ಯಾಂಡ್ ಔಷಧವನ್ನೇ ತನ್ನದೆಂದು ಪರೀಕ್ಷೆಗೆ ಕೊಟ್ಟು ಪಾಸಾಗಿತ್ತು. ಒಂದು ಕಾರ್ಖಾನೆಯ ದಾಖಲೆಗಳನ್ನೇ ನಂಬಲಾಗದು ಎಂದು ಕಂಡರೆ ಅದರ ಅರ್ಜಿಗಳನ್ನೆಲ್ಲ ತಡೆಹಿಡಿಯುವ ನಿಯಮವನ್ನು ಅವರು ಆ ಏಟಿನ ನಂತರ, 1991ರಲ್ಲಿ, ಮಾಡಿಕೊಂಡರು. 2009ರಲ್ಲಿ ಪಾಂವ್ಟಾ ಸಾಹಿಬ್ ಮೇಲೆ ಬಿದ್ದದ್ದು ಅದೇ ನಿಯಮ. ಇನ್ನೊಂದು ಕಡೆ, ತಮ್ಮಿಂದ ವಿಷಯ ಮುಚ್ಚಿಟ್ಟು ಕಂಪನಿ ಮಾರಿದರೆಂದು ದಾಯ್ಚಿಯವರು ಸಿಂಗಪುರದಲ್ಲಿ ಹೂಡಿದ ವ್ಯಾಜ್ಯ 2016ರಲ್ಲಿ ಅವರ ಪರ ಆಯಿತು. ಬಡ್ಡಿ, ಖರ್ಚು ಸೇರಿ ಸುಮಾರು 3,500 ಕೋಟಿ ರೂಪಾಯಿಯ ಆ ತೀರ್ಪನ್ನು 2018ರಲ್ಲಿ ಎತ್ತಿಹಿಡಿದದ್ದು ನಮ್ಮದೇ ದೆಹಲಿ ಹೈಕೋರ್ಟ್. ರಾನ್‌ಬಾಕ್ಸಿ ಹೆಸರು ಅಷ್ಟರೊಳಗೆ, 2015ರ ಮಾರ್ಚ್‌ನಲ್ಲಿ, ಸನ್ ಫಾರ್ಮಾದೊಳಗೆ ಕರಗಿಹೋಗಿತ್ತು.

ನನ್ನ ಸಿಟ್ಟಿರುವುದು ಬೇರೆ ಕಡೆ. ಕಾರ್ಖಾನೆಗಳು ನಮ್ಮ ನೆಲದಲ್ಲಿದ್ದವು, ಫ್ರಿಜ್ಜುಗಳೂ ಇಲ್ಲೇ ಇದ್ದವು. ಪತ್ತೆ ಹಚ್ಚಿದವರು ವಿಮಾನ ಹತ್ತಿ ಬಂದವರು. 2014ರಲ್ಲಿ ನಮ್ಮ ಔಷಧ ಮಹಾನಿಯಂತ್ರಕರೇ ಪತ್ರಿಕೆಯೊಂದಕ್ಕೆ ಹೇಳಿದ್ದು ಏನು ಗೊತ್ತೇ? ಅಮೆರಿಕದ ಮಾನದಂಡ ಹಿಡಿದು ತಪಾಸಣೆ ಮಾಡಿದರೆ ದೇಶದೊಳಗೆ ಮಾರುವ ಕಾರ್ಖಾನೆಗಳಲ್ಲಿ ಹೆಚ್ಚಿನವನ್ನು ಮುಚ್ಚಬೇಕಾಗುತ್ತದೆ ಎಂದು! ಔಷಧ ನಿಯಂತ್ರಣ ಸರಿಪಡಿಸಿ ಎಂದು ಠಾಕೂರ್ 2016ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರೆ ಅರ್ಜಿಯನ್ನು ವಿಚಾರಣೆಗೇ ಅಂಗೀಕರಿಸಲಿಲ್ಲ. ನೀರಿನಲ್ಲಿ ಸುಲಭವಾಗಿ ಕರಗದ ಗುಂಪುಗಳ ಜನರಿಕ್‌ಗಳು ರಕ್ತಕ್ಕೆ ಮೂಲ ಔಷಧದಷ್ಟೇ ಸೇರುತ್ತವೆಯೇ ಎಂಬ ಬಯೋಈಕ್ವಿವಲೆನ್ಸ್ ಪರೀಕ್ಷೆ ಇಲ್ಲಿ ಕಡ್ಡಾಯವಾದದ್ದು 2017ರಲ್ಲಿ. ಕಾರ್ಖಾನೆಗಳು ಪಾಲಿಸಬೇಕಾದ ಷೆಡ್ಯೂಲ್ ಎಂ ನಿಯಮಗಳನ್ನು ಬಿಗಿ ಮಾಡಿ ಅಧಿಸೂಚನೆ ಹೊರಟದ್ದು 2023ರ ಕೊನೆಗೆ. ಈ ನಿಯಮಗಳು ನಿಮ್ಮ ಜನೌಷಧಿ ಮಾತ್ರೆಗೆ ಎಷ್ಟೋ ‘ಒಳ್ಳೆ ಕಂಪನಿ’ಯ ಮಾತ್ರೆಗೂ ಅಷ್ಟೇ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಹೊರಡಿಸುವ ಕಳಪೆ ಔಷಧಗಳ ಪಟ್ಟಿಯಲ್ಲಿ ಹೆಸರಾಂತ ಬ್ರ್ಯಾಂಡ್‌ಗಳೂ ಇರುತ್ತವೆ.

ನಿಮ್ಮ ಕೊನೆಯ ಪ್ರಶ್ನೆ ಉಳಿಯಿತು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿಸಲೂ ಬೇಡಿ. ಬಿಪಿಯಲ್ಲಿ ಒಂದು ಅನುಕೂಲವಿದೆ: ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಳೆದು ನೋಡಬಹುದು. ದಿನಾ ಒಂದೇ ಹೊತ್ತಿಗೆ ಬಿಪಿ ನೋಡಿ, ಡೈರಿಯಲ್ಲಿ ಬರೆದಿಟ್ಟು, ಮುಂದಿನ ಸಲ ವೈದ್ಯರಿಗೆ ತೋರಿಸಿ. ಅಂಕಿ ಹತೋಟಿಯಲ್ಲಿದ್ದರೆ ಹೆಚ್ಚು ದುಡ್ಡು ಕೊಡಲು ಕಾರಣವೇ ಇಲ್ಲ. ಹೊಸ ಸ್ಟ್ರಿಪ್ ಶುರುಮಾಡಿದ ಮೇಲೆ ಏರುಪೇರಾದರೆ ಆ ಸ್ಟ್ರಿಪ್ ಎಸೆಯದೆ ಬಿಲ್ಲಿನ ಜೊತೆ ಎತ್ತಿಡಿ. ಬ್ಯಾಚ್ ನಂಬರ್ ಇಲ್ಲದೆ ಔಷಧ ನಿಯಂತ್ರಣ ಇಲಾಖೆಯವರಿಗೂ ಏನೂ ಮಾಡಲಾಗದು. ಅಂಗಡಿಯಲ್ಲಿ ಎರಡೂ ಬಗೆಯ ಸ್ಟ್ರಿಪ್ ಕೈಗೆ ಸಿಕ್ಕಾಗ ಹಿಂಬದಿಯ ಸಣ್ಣ ಅಕ್ಷರ ಓದಿ: ಮಾರುವವರು ಒಬ್ಬರು, ತಯಾರಿಸಿದವರು ಇನ್ನೊಬ್ಬರು ಇರುವುದು ಸಾಮಾನ್ಯ. ಕೆಲವೊಮ್ಮೆ ದುಬಾರಿಯದೂ ಅಗ್ಗದ್ದೂ ಒಂದೇ ಶೆಡ್ಡಿನಿಂದ ಬಂದಿರುತ್ತವೆ. ಮನೆಯಲ್ಲಿ ಯಾರಾದರೂ ಅಪಸ್ಮಾರಕ್ಕೋ ಥೈರಾಯ್ಡ್‌ಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರ ವಿಷಯದಲ್ಲಿ ಇನ್ನಷ್ಟು ಹುಷಾರು ಬೇಕು. ಅಲ್ಲಿ ಡೋಸಿನ ಸಣ್ಣ ವ್ಯತ್ಯಾಸವೂ ತೊಂದರೆ ಕೊಡಬಹುದು. ಬ್ರ್ಯಾಂಡಿನಿಂದ ಜನರಿಕ್‌ಗಿರಲಿ, ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಬದಲಿಸುವುದಾದರೂ ಮೊದಲು ವೈದ್ಯರನ್ನು ಕೇಳಿ.

– ಸಂಪಾದಕ