ಅಜ್ಜಿಗೆ ಮಾರ್ಫಿನ್ (ಅಫೀಮಿನಿಂದ ಮಾಡೋ ಜೋರಾದ ನೋವಿನ ಔಷಧಿ) ಈಗಲೇ ಶುರು ಮಾಡೋದಾ, ಕೊನೆಗೆ ಅಂತ ಉಳಿಸಿಕೊಳ್ಳೋದಾ?

ಈ ಪ್ರಶ್ನೆ ಕೇಳಿ, "ಚಟ ಹತ್ತಿದರೆ ಏನು ಗತಿ" ಅಂದಿದ್ದೀರಲ್ಲ, ಇದೇ ಮಾತನ್ನ ನಾನೂ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಮುಂದೆ ಆಡಿದ್ದೆ. ಅಪ್ಪನಿಗೆ ಆಗ 76. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನಿನ ಎಲುಬಿಗೆ ಹಬ್ಬಿತ್ತು. ನಾಲ್ಕು ತಾಸಿಗೊಮ್ಮೆ ಮಾರ್ಫಿನ್ ಗುಳಿಗೆ ಬರೆದುಕೊಟ್ಟರು. ಗದಗಿನ ಮನೆಗೆ ಬಂದವನೇ ಅದನ್ನ ಟ್ರೆಜರಿಯಲ್ಲಿ, ಅವ್ವನ ಬಂಗಾರದ ಪಕ್ಕ ಇಟ್ಟು ಕೀಲಿ ಹಾಕಿದೆ.

ನನ್ನ ತಪ್ಪು ಆ ಕೀಲಿ. ಅಪ್ಪ ನರಳಿದರೆ "ಇನ್ನೊಂದು ತಾಸು ತಡಿ" ಅಂತಿದ್ದೆ. ಮಂಚದ ಪಟ್ಟಿ ಹಿಡಿದು ಹಲ್ಲು ಕಚ್ಚಿದಾಗ ಮಾತ್ರ ಒಂದು ಗುಳಿಗೆ ತೆಗೆಯುತ್ತಿದ್ದೆ. ನುಂಗಿದ ಗುಳಿಗೆ ಕೆಲಸ ಮಾಡಲು ಅರ್ಧ ತಾಸು, ಮುಕ್ಕಾಲು ತಾಸು ಬೇಕು. ಅಷ್ಟರಲ್ಲಿ ನೋವು ಅಟ್ಟ ಹತ್ತಿ ಕೂತಿರುತ್ತಿತ್ತು. ಅದರ ಗುಣ ಇರೋದೇ ಸುಮಾರು ನಾಲ್ಕು ತಾಸು, ಆಮೇಲೆ ಮತ್ತೆ ಮೊದಲಿನಿಂದ. ನೋವು ಬರೋಕೆ ಮುಂಚೆ ಕೊಡಬೇಕಾದ್ದನ್ನ ನೋವು ಗೆದ್ದ ಮೇಲೆ ಕೊಟ್ಟೆ. ಅಪ್ಪ "ಗುಳಿಗಿ ಕೊಡು" ಅಂತ ಬೇಡಿದಾಗ "ನೋಡ್ರಿ, ಚಟ ಹತ್ತೇಬಿಟ್ತು" ಅಂದೆ ಅಕ್ಕನ ಮುಂದೆ. ಅದು ಚಟ ಅಲ್ಲ, ನೋವು. ಬೇಡೋ ಹಾಗೆ ಮಾಡಿದವನು ನಾನು. ಹೀಗೆ ಇಪ್ಪತ್ತೆರಡು ದಿನ.

ತಿರುಗಿ ತೋರಿಸೋಕೆ ಹೋದಾಗ ನರ್ಸ್ ಕೇಳಿದರು, "ಯಜಮಾನ್ರ, ರಾತ್ರಿ ನಿದ್ದಿ ಬರತೈತೇನ್ರಿ?" ಅಪ್ಪ ನನ್ನ ಮುಖ ನೋಡಿ, "ಅವನ್ನ ಕೇಳ್ರಿ, ಕೀಲಿ ಅವನ ಕಡೆ ಐತಿ" ಅಂದ.

ಅವತ್ತಿನಿಂದ ಮೊಬೈಲಿನಲ್ಲಿ ಅಲಾರಾಂ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ನಡುರಾತ್ರಿ ಎಬ್ಬಿಸಬಾರದು ಅಂತ ರಾತ್ರಿ 10ಕ್ಕೆ ಡಾಕ್ಟರೇ ಡಬಲ್ ಡೋಸ್ ಹೇಳಿದರು. ಎರಡು ದಿನ ಅಪ್ಪ ಬರೀ ಮಲಗಿದ, ಬಾಕಿ ಇದ್ದ ನಿದ್ದೆ ಅದು. ಮೂರನೇ ದಿನ ದಾಡಿ ಮಾಡಿಸು ಅಂದ.

ಹಾಗಾಗಿ ಈಗಲೋ ಕೊನೆಗೋ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮಾರ್ಫಿನ್ ಸಾವಿನ ಔಷಧಿ ಅಲ್ಲ, ನೋವಿನದು. ಈಗ ಕೊಟ್ಟರೆ ಮುಂದೆ ನಾಟಲ್ಲ ಅನ್ನೋದೂ ಸುಳ್ಳು, ಬೇಕಾದರೆ ಡಾಕ್ಟರ್ ಡೋಸ್ ಏರಿಸ್ತಾರೆ. ಅಜ್ಜಿಗೆ ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಅಂಥವರಿಗೆ ಕಡಿಮೆ ಕೊಡ್ತಾರೆ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಉಸಿರು ನಿಧಾನವಾದರೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ನೀವಾಗೇ ಒಮ್ಮೆಲೇ ನಿಲ್ಲಿಸಬೇಡಿ. ಮಲಬದ್ಧತೆ ಆಗೇ ಆಗುತ್ತೆ, ಅದರ ಔಷಧಿ ಮೊದಲ ದಿನದಿಂದಲೇ ಇರಲಿ. 2014ರಲ್ಲಿ ಮಾದಕ ವಸ್ತುಗಳ ಕಾನೂನು ಸಡಿಲ ಮಾಡಿದ್ದರೂ ಈ ಗುಳಿಗೆ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗಲ್ಲ. ಮುಗಿಯೋಕೆ ವಾರ ಮೊದಲೇ ಎಣಿಸಿ ತನ್ನಿ.

ನೋವು ಇದೆಯಾ ಅಂತ ನೀವು ಕೇಳಿದರೆ ಅಜ್ಜಿ "ಏನಿಲ್ಲವ್ವಾ" ಅಂತಾರೆ. ಮಗ್ಗಲು ಬದಲಿಸುವಾಗ ಹುಬ್ಬು ನೋಡಿ. ಡಾಕ್ಟರ್ ಕೇಳುವಾಗ ಒಂದೈದು ನಿಮಿಷ ನೀವು ಹೊರಗೆ ನಿಲ್ಲಿ.